ಹೊಸ ಕ್ರೌನ್-ಪಿನಿಯನ್ ಪಳಗಿಸುವುದು ಹೇಗೆ? ಮಲೆನಾಡಿನ ಜೀಪು ಮಾಲೀಕರಿಗೆ ಒಂದು ಮಾರ್ಗದರ್ಶಿ

ಫೋರ್ ವೀಲ್ ಡ್ರೈವ್ ಗಾಡಿಯ ಆಕ್ಸೆಲ್‌ಗೆ ಹೊಸ ಗೇರ್, ಅಂದರೆ ಕ್ರೌನ್-ಪಿನಿಯನ್ ಜೋಡಿ, ಹಾಕಿಸಿಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಎಷ್ಟು ಕಿಲೋಮೀಟರ್ ಜೋಪಾನವಾಗಿ ಓಡಿಸಬೇಕು? ಉತ್ತರ ಚಿಕ್ಕದು, 800 ಕಿ.ಮೀ. ಆದರೆ ಅಷ್ಟು ದೂರ ಜೋಪಾನವಾಗಿಯೇ ಓಡಿಸಿದೆವು ಎನ್ನುವವರ ಗಾಡಿಯಲ್ಲೂ ಗೇರ್ ಕೂಗತೊಡಗುತ್ತದೆ, ಎಣ್ಣೆ ಸುಟ್ಟ ವಾಸನೆ ಬರುತ್ತದೆ. ಕಾರಣ ಕೆದಕಿದರೆ ಹೆಚ್ಚಿನವರ ಕಥೆ ಹೀಗಿರುತ್ತದೆ: ವೇಗ ಕಡಿಮೆ ಮಾಡಿದ್ದಾರೆ, ಹೊರೆ ಕಡಿಮೆ ಮಾಡಿಲ್ಲ.

ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕಾಗಿರುವುದು ಇದನ್ನೇ. ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಫಸ್ಟ್ ಗೇರಿನಲ್ಲಿ, ಗಂಟೆಗೆ 15 ಕಿ.ಮೀ. ವೇಗದಲ್ಲಿ ಏರುತ್ತಿರುವ ಜೀಪಿನ ಆಕ್ಸೆಲ್ ಗೇರ್ ಮೇಲೆ ಬೀಳುವ ಒತ್ತಡ, ಕಡೂರು ರಸ್ತೆಯಲ್ಲಿ ಖಾಲಿಯಾಗಿ 60ರ ವೇಗದಲ್ಲಿ ಓಡುವ ಜೀಪಿನ ಗೇರ್ ಮೇಲಿನ ಒತ್ತಡಕ್ಕಿಂತ ಬಹಳ ಹೆಚ್ಚು. ಎಂಜಿನ್ನಿನ ಬಲವನ್ನು ಫಸ್ಟ್ ಗೇರ್ ಹಲವು ಪಟ್ಟು ಹೆಚ್ಚಿಸಿ ಹಿಂದಕ್ಕೆ ಕಳಿಸುತ್ತದೆ, ಅದನ್ನೆಲ್ಲ ಹೊರುವುದು ಪಿನಿಯನ್ನಿನ ಕೆಲವೇ ಹಲ್ಲುಗಳು. ಬಯಲುಸೀಮೆಯವನಿಗೆ ಇದು ಅಷ್ಟು ದೊಡ್ಡ ತಲೆನೋವಲ್ಲ. ನಮಗೆ ಹಾಗಲ್ಲ, ಗ್ಯಾರೇಜಿನಿಂದ ಮನೆಗೆ ಹೋಗುವ ದಾರಿಯೇ ಏರು.

ಒಳಗೆ ಏನು ನಡೆಯುತ್ತದೆ

ಎಂಜಿನ್ ಕಡೆಯ ಬಲವನ್ನು ಆಕ್ಸೆಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಗೆ ಜೋಡಿಸಿರುವ ಚಿಕ್ಕ ಗೇರ್ ಪಿನಿಯನ್. ಅದು ತಿರುಗಿಸುವ ದೊಡ್ಡ ಉಂಗುರದಂಥ ಗೇರ್ ಕ್ರೌನ್. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39 ಹಲ್ಲು ಇದ್ದರೆ ರೇಷಿಯೋ 39 ಭಾಗಿಸು 8, ಅಂದರೆ ಸುಮಾರು 4.88. ಇವೆರಡನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ. ಹಾಗಾಗಿ ಜೋಡಿಯ ಸಂಖ್ಯೆ ಎರಡರ ಮೇಲೂ ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಒಂದು ಜೋಡಿಯ ಕ್ರೌನಿಗೆ ಇನ್ನೊಂದು ಜೋಡಿಯ ಪಿನಿಯನ್ ಹಾಕಿದರೆ ಎಷ್ಟು ಓಡಿಸಿದರೂ ಅವು ಹೊಂದಿಕೊಳ್ಳುವುದಿಲ್ಲ.

ನಮ್ಮ ಜೀಪು, ಎಸ್‌ಯುವಿಗಳಲ್ಲಿ ಸಾಮಾನ್ಯವಾಗಿ ಇರುವುದು ಹೈಪಾಯ್ಡ್ ಜೋಡಣೆ. ಪಿನಿಯನ್ನಿನ ಅಕ್ಷ ಕ್ರೌನಿನ ನಡುಮಧ್ಯಕ್ಕೆ ನೇರವಾಗಿರದೆ ಸ್ವಲ್ಪ ಸರಿದಿರುತ್ತದೆ. ಇದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ, ಶಾಖ ಹುಟ್ಟುವುದು ಈ ಜಾರುವಿಕೆಯಿಂದಲೇ. ಹೊಸ ಹಲ್ಲು ಕಣ್ಣಿಗೆ ನುಣುಪಾಗಿ ಕಂಡರೂ ಮೇಲ್ಮೈಯಲ್ಲಿ ಸೂಕ್ಷ್ಮ ಉಬ್ಬುಗಳಿರುತ್ತವೆ. ಮೊದಲ ಕೆಲವು ನೂರು ಕಿ.ಮೀ. ಓಟದಲ್ಲಿ ಅವು ಸವೆದು ಎರಡು ಮೈಗಳೂ ಹೊಂದಿಕೊಳ್ಳುತ್ತವೆ. ಅದೇ ಹೊತ್ತಿಗೆ ಬಿಗಿಯಾಗಿ ಕೂರಿಸಿದ ಹೊಸ ಬೇರಿಂಗುಗಳೂ ಪಳಗುತ್ತವೆ. ಇಷ್ಟೆಲ್ಲ ನಡೆಯುವಾಗ ಆಕ್ಸೆಲ್ ಮಾಮೂಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಆ ಬಿಸಿಯ ಮೇಲೆ ಭಾರವನ್ನೂ ಹೇರಿದರೆ ಎಣ್ಣೆಯ ಪದರ ಹರಿದು, ಲೋಹ ಲೋಹಕ್ಕೆ ತಾಗಿ, ಬೆಸೆದು, ಕಿತ್ತು ಬರುತ್ತದೆ. ಹಾಗೆ ಕಿತ್ತ ಹಲ್ಲು ಮತ್ತೆ ನುಣುಪಾಗುವುದಿಲ್ಲ. ಆಮೇಲೆ ಎಷ್ಟು ಜೋಪಾನ ಮಾಡಿದರೂ ಗೇರ್ ಕೂಗುತ್ತಲೇ ಇರುತ್ತದೆ.

ಯಾವಾಗ ಮಾಡಿಸಬೇಕು

ತೋಟದ ಗಾಡಿಯಾದರೆ ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುವ ಮೊದಲೇ ಮುಗಿಸಿಬಿಡಿ. ನವೆಂಬರಿನಲ್ಲಿ ಹಣ್ಣಿನ ಮೂಟೆ ಹೊರಬೇಕಾದ ಗಾಡಿಗೆ ಅಕ್ಟೋಬರ್ ಕೊನೆಯಲ್ಲಿ ಗೇರ್ ಹಾಕಿಸಿದರೆ 800 ಕಿ.ಮೀ. ಖಾಲಿ ಓಡಿಸಲು ಪುರುಸೊತ್ತು ಸಿಗುವುದಿಲ್ಲ. ಮಳೆ ತಗ್ಗುವ ಸೆಪ್ಟೆಂಬರ್ ಒಳ್ಳೆಯ ಕಾಲ. ಕೊಯ್ಲಿನ ನಡುವೆಯೇ ಗೇರ್ ಹೋದರೆ ಕೆಲವು ದಿನ ಬಾಡಿಗೆ ಪಿಕಪ್ ಗೊತ್ತುಮಾಡಿಕೊಳ್ಳಿ. ಆ ಬಾಡಿಗೆ ಇನ್ನೊಂದು ಕ್ರೌನ್-ಪಿನಿಯನ್ ಜೋಡಿ ಮತ್ತು ಅದನ್ನು ಕೂರಿಸುವ ಕೂಲಿಗಿಂತ ಅಗ್ಗ.

ಕೈಯಲ್ಲಿ ಇರಬೇಕಾದವು

ಪ್ರತಿ ಆಕ್ಸೆಲ್‌ಗೆ ಎರಡು ಭರ್ತಿಗೆ ಸಾಕಾಗುವಷ್ಟು ಗೇರ್ ಆಯಿಲ್ ಬೇಕು: ಒಂದು ಈಗ, ಇನ್ನೊಂದು 800 ಕಿ.ಮೀ. ಆದ ಮೇಲೆ. ಡಬ್ಬಿಯ ಮೇಲೆ ಜಿಎಲ್-5 ಎಂದು ಬರೆದಿರಲಿ. ಹೈಪಾಯ್ಡ್ ಹಲ್ಲುಗಳ ಜಾರುವ ಒತ್ತಡವನ್ನು ತಡೆಯುವ ಗಂಧಕ-ರಂಜಕದ ಮಿಶ್ರಣ ಅದರಲ್ಲಿ ಹೆಚ್ಚಾಗಿರುತ್ತದೆ. ಜಿಎಲ್-4 ಮುಖ್ಯವಾಗಿ ಗೇರ್‌ಬಾಕ್ಸಿನ ಎಣ್ಣೆ, ಆಕ್ಸೆಲ್‌ಗೆ ಸಾಲದು. ಅಂಗಡಿಯಲ್ಲಿ ಬರೀ ‘90 ನಂಬರ್ ಆಯಿಲ್’ ಎಂದು ಕೇಳಿದರೆ ಎರಡರಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು, ಡಬ್ಬಿಯನ್ನು ಓದಿಯೇ ಕೊಳ್ಳಿ. ಪಳಗಿಸುವ ಅವಧಿಗೆ ಮಿನರಲ್ ಎಣ್ಣೆಯೇ ಸರಿ. ಸಿಂಥೆಟಿಕ್ ಬೇಕೆನ್ನುವವರು ಎರಡನೇ ಭರ್ತಿಗೆ ಹಾಕಿಕೊಳ್ಳಬಹುದು. 80ಡಬ್ಲ್ಯೂ-90 ಅಥವಾ 85ಡಬ್ಲ್ಯೂ-140, ಯಾವ ದಪ್ಪದ್ದು ಎಂಬುದನ್ನು ಗಾಡಿಯ ಕೈಪಿಡಿ ಅಥವಾ ಗೇರಿನ ಜೊತೆ ಬಂದ ಹಾಳೆ ಹೇಳುತ್ತದೆ. ನಿಮ್ಮ ಹಿಂದಿನ ಆಕ್ಸೆಲ್‌ನಲ್ಲಿ ಲಿಮಿಟೆಡ್ ಸ್ಲಿಪ್ ಅಥವಾ ಲಾಕ್ ಆಗುವ ಡಿಫರೆನ್ಷಿಯಲ್ (ತಿರುವಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇದ್ದರೆ ಈ ವಿಷಯದಲ್ಲಿ ಕೈಪಿಡಿಯನ್ನು ಮೀರಲೇಬೇಡಿ.

ಇದರ ಜೊತೆಗೆ ಮುಟ್ಟದೆ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿರಲಿ. ಪ್ಲಗ್‌ಗಳಿಗೆ ಹೊಸ ವಾಷರ್, ಎಣ್ಣೆ ಹಿಡಿಯಲು ತಟ್ಟೆ, ಬರೆದಿಡಲು ಚಿಕ್ಕ ಪುಸ್ತಕವೂ ಬೇಕು.

ಹಂತ 1: ಗ್ಯಾರೇಜು ಬಿಡುವ ಮುನ್ನ

ಮೆಕ್ಯಾನಿಕ್‌ನಿಂದ ಎರಡು ವಿಷಯ ಕೇಳಿ ಪಡೆಯಿರಿ. ಒಂದು ಬ್ಯಾಕ್‌ಲ್ಯಾಷ್, ಅಂದರೆ ಪಿನಿಯನ್ ಅಲುಗದಂತೆ ಹಿಡಿದು ಕ್ರೌನನ್ನು ಅತ್ತಿತ್ತ ಆಡಿಸಿದಾಗ ಸಿಗುವ ಅಂತರ. ಇಂಥ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್, ನಿಮ್ಮ ಗೇರಿನ ಹಾಳೆಯಲ್ಲಿರುವ ಅಂಕಿಯೇ ಅಂತಿಮ. ಎರಡನೆಯದು ಹಲ್ಲಿನ ಅಚ್ಚು. ಕ್ರೌನಿನ ಹಲ್ಲುಗಳಿಗೆ ಬಣ್ಣದ ಲೇಪ ಹಚ್ಚಿ ತಿರುಗಿಸಿದಾಗ ಎಲ್ಲಿ ತಾಗಿದೆ ಎಂಬುದರ ಗುರುತು ಅದು. ಗುರುತು ಹಲ್ಲಿನ ಅಂಚಿಗೆ ಓಡದೆ ನಡುಭಾಗದಲ್ಲಿರಬೇಕು. ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಸದ್ದು ಬಂದರೆ ಮಾತಿಗಿಂತ ಈ ಫೋಟೊ ಹೆಚ್ಚು ಕೆಲಸಕ್ಕೆ ಬರುತ್ತದೆ. ಇಂಥ ಸೂಕ್ಷ್ಮ ಅಂತರ ಅಳೆಯುವ ಡಯಲ್ ಗೇಜ್ ಇಲ್ಲದೆ ಕೈಯಂದಾಜಿನಲ್ಲಿ ಗೇರ್ ಕೂರಿಸುವ ಕಡೆ ಈ ಕೆಲಸ ಮಾಡಿಸಲೇಬೇಡಿ. ತಪ್ಪಾಗಿ ಕೂತ ಗೇರನ್ನು ಯಾವ ಪಳಗಿಸುವಿಕೆಯೂ ಸರಿಮಾಡುವುದಿಲ್ಲ.

ಎಣ್ಣೆಯ ಮಟ್ಟವನ್ನು ಗಾಡಿ ಸಮತಟ್ಟಾದ ನೆಲದ ಮೇಲಿರುವಾಗ ನೋಡಿ. ತುಂಬುವ ರಂಧ್ರದ ಕೆಳತುಟಿಯವರೆಗೆ ಎಣ್ಣೆ ಇರಬೇಕು. ಆಮೇಲೆ ಬ್ರೀದರ್. ಬಿಸಿಯಾದಾಗ ಒಳಗಿನ ಗಾಳಿ ಹೊರಹೋಗಲು ಆಕ್ಸೆಲ್ ಕವಚದ ಮೇಲಿರುವ ಚಿಕ್ಕ ಬಾಯಿ ಇದು. ಕೆಸರಿನಿಂದ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಎಣ್ಣೆಯನ್ನು ಹೊಸ ಸೀಲಿನ ಮೂಲಕವೇ ಹೊರದಬ್ಬುತ್ತದೆ. ನಮ್ಮ ಮಣ್ಣು ರಸ್ತೆಗಳಲ್ಲಿ ಓಡುವ ಗಾಡಿಗಳಲ್ಲಿ ಇದು ಕಟ್ಟಿಕೊಳ್ಳುವುದು ತೀರಾ ಸಾಮಾನ್ಯ.

ರೇಷಿಯೋ ಬದಲಿಸಿದ್ದರೆ ಇನ್ನೆರಡು ಮಾತು. ಮೊದಲನೆಯದು, ಮುಂದಿನ ಮತ್ತು ಹಿಂದಿನ ಆಕ್ಸೆಲ್‌ಗಳ ರೇಷಿಯೋ ಒಂದೇ ಇರಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಮುಂದಿನದು ಬಾಕಿ ಇದ್ದರೆ ಫೋರ್ ವೀಲ್ ಹಾಕುವಂತಿಲ್ಲ. ಹಾಕಿದರೆ ಎರಡು ಆಕ್ಸೆಲ್‌ಗಳು ಒಂದನ್ನೊಂದು ಎಳೆದಾಡಿ ಏನಾದರೂ ಮುರಿಯುತ್ತದೆ. ಎರಡನೆಯದು, ಹಳೆಯ ಜೀಪುಗಳಲ್ಲಿ ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ, ಅಂದರೆ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯಿಂದ ಬರುವುದರಿಂದ ಅಂಕಿ ತಪ್ಪಾಗುತ್ತದೆ. 4.27 ಇದ್ದಲ್ಲಿ 4.88 ಹಾಕಿಸಿದರೆ ಮೀಟರ್ 100 ಕಿ.ಮೀ. ತೋರಿಸಿದಾಗ ನೀವು ಓಡಿರುವುದು ಸುಮಾರು 87.5 ಮಾತ್ರ. ಆದ್ದರಿಂದ ದೂರವನ್ನು ಮೊಬೈಲಿನ ನಕ್ಷೆಯಲ್ಲಿ ಅಳೆಯಿರಿ.

ಹಂತ 2: ಮೊದಲ ಮೂರು ಓಟ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು, ಜನ ಬಿಟ್ಟುಬಿಡುವುದೂ ಇದನ್ನೇ. ಗಾಡಿ ಕೈಗೆ ಸಿಕ್ಕ ಕೂಡಲೇ ಮನೆಯ ದಾರಿ ಹಿಡಿಯಬೇಡಿ. ಬಯಲಿನ ಕಡೆಗೆ ತಿರುಗಿಸಿ.

ಚಿಕ್ಕಮಗಳೂರಿನಲ್ಲಿ ಮಾಡಿಸಿದ್ದರೆ ಬೇಲೂರು ರಸ್ತೆ ಒಳ್ಳೆಯದು. ಬೇಲೂರಿಗೆ ಸುಮಾರು 25 ಕಿ.ಮೀ., ಒಂದು ಓಟಕ್ಕೆ ಹೇಳಿಮಾಡಿಸಿದ ದೂರ. ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣದವರೆಗೂ ಹೋಗಬಹುದು. ಹಾಸನದಲ್ಲಿ ಮಾಡಿಸಿದ್ದರೆ ಚನ್ನರಾಯಪಟ್ಟಣದ ಕಡೆ ಅಥವಾ ಹೊಳೆನರಸೀಪುರದ ಕಡೆ ಹೊರಡಿ. ಹಾಸನದಿಂದ ಸಕಲೇಶಪುರದ ಕಡೆಗೆ ಮೊದಲ ಓಟ ಬೇಡ.

ಗಾಡಿ ಖಾಲಿ ಇರಲಿ, ಟೂ ವೀಲ್ ಡ್ರೈವ್‌ನಲ್ಲಿರಲಿ. 50ರಿಂದ 60ರೊಳಗೆ, ವೇಗವನ್ನು ಆಗಾಗ ಸ್ವಲ್ಪ ಏರಿಸುತ್ತ ಇಳಿಸುತ್ತ 20–25 ಕಿ.ಮೀ. ಓಡಿಸಿ. ಆಕ್ಸಿಲರೇಟರನ್ನು ಒಮ್ಮೆಲೇ ತುಳಿಯಬೇಡಿ. ನಂತರ ನೆರಳಿನಲ್ಲಿ ನಿಲ್ಲಿಸಿ ಪೂರ್ತಿ ತಣಿಯಲು ಬಿಡಿ. ಅರ್ಧ ಗಂಟೆ ಕನಿಷ್ಠ, ಬಿಸಿಲಿದ್ದರೆ ಒಂದು ಗಂಟೆಯೂ ಬೇಕಾಗುತ್ತದೆ. ಕವಚದ ಮೇಲೆ ಅಂಗೈ ಆರಾಮವಾಗಿ ಇಟ್ಟುಕೊಳ್ಳುವಂತಾದ ಮೇಲೆ ಮತ್ತೆ ಹೊರಡಿ. ಹೀಗೆ ಮೂರು ಸಲ. ಬೇಲೂರಿನಲ್ಲಿ ಒಂದು ಊಟ, ಚಿಕ್ಕಮಗಳೂರಿಗೆ ಮರಳಿ ಒಂದು ಕಾಫಿ ಎಂದು ಲೆಕ್ಕ ಹಾಕಿಕೊಂಡರೆ ಕಾಯುವುದು ಬೇಸರವಾಗುವುದಿಲ್ಲ.

ಪ್ರತಿ ಓಟದ ಕೊನೆಗೆ ಕೆಳಗೆ ಬಗ್ಗಿ ಬಿಸಿ ಅಳೆಯಿರಿ. ಕವಚದ ತಳದಲ್ಲಿ ಒಂದು, ಪಿನಿಯನ್ ಒಳಹೋಗುವ ಮೂತಿಯಲ್ಲಿ ಒಂದು, ಎರಡು ಅಂಕಿ ಬರೆದುಕೊಳ್ಳಿ. 70ರಿಂದ 90 ಡಿಗ್ರಿ ಸೆಲ್ಸಿಯಸ್ ಕಂಡರೆ ಗಾಬರಿ ಬೇಡ. 100 ದಾಟಿದರೆ ಮುಂದಿನ ಓಟವನ್ನು ಅರ್ಧಕ್ಕೆ ಇಳಿಸಿ. 120ರ ಹತ್ತಿರ ಹೋದರೆ ಓಡಿಸುವುದನ್ನು ಬಿಟ್ಟು ಗ್ಯಾರೇಜಿಗೆ ಫೋನ್ ಮಾಡಿ. ಥರ್ಮಾಮೀಟರ್ ಇಲ್ಲದವರು ಕವಚದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುರ್ ಎಂದು ಆರಿದರೆ 100 ದಾಟಿದೆ ಎಂದೇ ಅರ್ಥ. ಓಟ ಮುಗಿದ ಕೂಡಲೇ ಬರಿಗೈಯಿಂದ ಮುಟ್ಟಿ ನೋಡುವ ಅಭ್ಯಾಸ ಬಿಡಿ, ಚರ್ಮ ಸುಡುತ್ತದೆ.

ಎಲ್ಲಿ ಬಿಸಿ ಎಂಬುದೂ ಮುಖ್ಯ. ಕವಚಕ್ಕಿಂತ ಪಿನಿಯನ್ ಮೂತಿ ಬಹಳ ಬಿಸಿಯಿದ್ದರೆ ಬೇರಿಂಗನ್ನು ಅತಿಯಾಗಿ ಬಿಗಿದಿರುವ ಸಂಶಯ. ಚಕ್ರದ ತುದಿ ಬಿಸಿಯಿದ್ದರೆ ಅದು ಬ್ರೇಕ್ ಅಥವಾ ಚಕ್ರದ ಬೇರಿಂಗಿನ ದೂರು, ಗೇರಿನದ್ದಲ್ಲ.

ಮೊದಲ ಓಟದ ನಂತರ, ತಣಿದ ಮೇಲೆ, ಎಣ್ಣೆಯ ಮಟ್ಟವನ್ನು ಮತ್ತೊಮ್ಮೆ ನೋಡಿ. ಹೊಸದಾಗಿ ಹಾಕಿದ ಎಣ್ಣೆ ಆಕ್ಸೆಲ್ ಕೊಳವೆಗಳ ಉದ್ದಕ್ಕೂ ಹರಿದುಹೋಗಿ ನಡುವಿನ ಮಟ್ಟ ಇಳಿದಿರುತ್ತದೆ. ಕೊರತೆಯಾದಷ್ಟು ತುಂಬಿ. ಪಿನಿಯನ್ ಸೀಲಿನ ಸುತ್ತ ಒದ್ದೆ ಇದೆಯೇ ಎಂದೂ ನೋಡಿ.

ಹಂತ 3: ಮನೆಗೆ ಒಯ್ಯುವುದು

ಆಲ್ದೂರು, ಬಾಳೆಹೊನ್ನೂರು, ಕೊಟ್ಟಿಗೆಹಾರ, ಹೆತ್ತೂರು, ಹಾನುಬಾಳು ಕಡೆಯವರಿಗೆ ಏರು ತಪ್ಪಿದ್ದಲ್ಲ. ಮೂರು ಓಟ ಮುಗಿಸಿದ ದಿನ ಗಾಡಿಯನ್ನು ಪೇಟೆಯಲ್ಲೇ ಬಿಟ್ಟು, ಮರುದಿನ ಬೆಳಗಿನ ತಂಪಿನಲ್ಲಿ ಖಾಲಿ ಗಾಡಿಯನ್ನು ಒಯ್ಯಿರಿ. ‘ಹೇಗೂ ಪೇಟೆಗೆ ಬಂದಿದ್ದೇವೆ’ ಎಂದು ಎರಡು ಮೂಟೆ ಗೊಬ್ಬರ, ಡೀಸೆಲ್ ಕ್ಯಾನು ಹೇರಿಕೊಳ್ಳುವ ಆಸೆ ಬೇಡ. ಏರಿನಲ್ಲಿ ಎಂಜಿನ್ ಉಸಿರುಕಟ್ಟುವವರೆಗೆ ಮೇಲಿನ ಗೇರಿನಲ್ಲಿ ಎಳೆಸಬೇಡಿ, ತಕ್ಕ ಗೇರಿಗೆ ಇಳಿಸಿ, ಆಕ್ಸಿಲರೇಟರ್ ಮೇಲೆ ಹಗುರ ಕಾಲಿಡಿ. ದಾರಿಯ ನಡುವೆ ಒಮ್ಮೆ ನಿಲ್ಲಿಸಿ ತಣಿಸಿ.

ಚಾರ್ಮಾಡಿ, ಶಿರಾಡಿ ಘಾಟಿಗಳನ್ನು ಈ ಅವಧಿಯಲ್ಲಿ ದೂರವಿಡಿ. ಇಳಿಯುವುದಾದರೂ ಸರಿ, ಬೇಡ. ಇಳಿಜಾರಿನಲ್ಲಿ ಕಾಲು ತೆಗೆದಾಗ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ಭಾರ ಹಲ್ಲಿನ ಇನ್ನೊಂದು ಮೈಗೆ ಬೀಳುತ್ತದೆ. ಆ ಮೈಯೂ ಹೊಸದೇ. ಇಳಿಯಲೇಬೇಕಾದ ಪ್ರಸಂಗ ಬಂದರೆ ಮಾತ್ರ ಗೇರಿನ ಚಿಂತೆ ಬಿಟ್ಟು ಎಂದಿನಂತೆ ಕೆಳಗಿನ ಗೇರಿನಲ್ಲೇ ಇಳಿಯಿರಿ. ಗೇರ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವುದು ಜೀವಕ್ಕೇ ಅಪಾಯ.

ಹಂತ 4: 800 ಕಿ.ಮೀ. ತುಂಬುವವರೆಗೆ

ಮೊದಲ 150 ಕಿ.ಮೀ. ದಾಟಿದ ಮೇಲೆ ದಿನನಿತ್ಯದ ಓಡಾಟಕ್ಕೆ ಅಡ್ಡಿಯಿಲ್ಲ. ಮಕ್ಕಳನ್ನು ಶಾಲೆಗೆ ಬಿಡಿ, ಸಂತೆಗೆ ಹೋಗಿ. ಮಾಡಬಾರದವು ಇವು: ಟ್ರೇಲರ್ ಎಳೆಯುವುದು, ಮರದ ದಿಮ್ಮಿ ಎಳೆಯುವುದು, ಹೂತ ಗಾಡಿಯನ್ನು ಎಳೆದು ತೆಗೆಯುವುದು, ಫೋರ್-ಲೋ ಹಾಕಿ ಏರುವುದು. ಫೋರ್-ಲೋ ಎಂದರೆ ಟ್ರಾನ್ಸ್‌ಫರ್ ಕೇಸಿನ ಕೆಳಗಿನ ಗೇರ್. ಆಕ್ಸೆಲ್‌ಗೆ ಅತಿ ಹೆಚ್ಚಿನ ಬಲ ಹೋಗುವುದು ಆಗಲೇ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೆಂಗಳೂರಿನವರೆಗೆ ಒಂದೇ ವೇಗದಲ್ಲಿ ಓಡಿಸಿ 800 ತುಂಬಿಸುವ ಯೋಚನೆಯೂ ಬೇಡ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಬಿಸಿ ಆಕ್ಸೆಲ್ ತಣ್ಣನೆಯ ಹಳ್ಳಕ್ಕಿಳಿದರೆ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಬ್ರೀದರಿನಿಂದಲೋ ಸೀಲಿನಿಂದಲೋ ನೀರನ್ನು ಒಳಗೆಳೆಯುತ್ತದೆ. ಹಳ್ಳ ದಾಟುವ ದಾರಿಯಾದರೆ ದಡದಲ್ಲಿ ಕಾದು ತಣಿಸಿ ದಾಟಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. 800ರವರೆಗೆ ಕಾಯದೆ ಅಂದೇ ಬದಲಿಸಿ.

ಸದ್ದಿನ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಗೇರಿನಲ್ಲಿ ತೆಳ್ಳನೆಯ ಶಬ್ದ ಸ್ವಲ್ಪ ಇರಬಹುದು. ಅದು ಹೆಚ್ಚದಿದ್ದರೆ ಕಾಯಿರಿ. ಆಕ್ಸಿಲರೇಟರ್ ತುಳಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಜೋರಾಗಿ ಊಳಿಟ್ಟರೆ ಹಲ್ಲಿನ ಜೋಡಣೆ ತಪ್ಪಿರುವ ಸಾಧ್ಯತೆ ಹೆಚ್ಚು. ತುಳಿದರೂ ಬಿಟ್ಟರೂ ಒಂದೇ ಸಮ ಗುರುಗುಟ್ಟಿ, ಗಾಡಿಯ ವೇಗದ ಜೊತೆ ಏರಿಳಿದರೆ ಬೇರಿಂಗನ್ನು ನೋಡಿಸಿ. ಹೊರಡುವಾಗ ‘ಟಕ್’ ಎಂದರೆ ಬ್ಯಾಕ್‌ಲ್ಯಾಷ್ ಇರಬಹುದು, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟೂ ಇರಬಹುದು, ಮೊದಲು ಜಾಯಿಂಟ್ ನೋಡಿಸುವುದು ಅಗ್ಗ. ಯಾವ ವೇಗದಲ್ಲಿ, ಕಾಲು ಎಲ್ಲಿದ್ದಾಗ ಬಂತು ಎಂದು ಬರೆದಿಟ್ಟುಕೊಂಡು ಹೋದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿಯುತ್ತದೆ. ‘ಓಡ್ತಾ ಓಡ್ತಾ ಸರಿಹೋಗುತ್ತದೆ’ ಎಂಬ ಸಮಾಧಾನವನ್ನು, ‘ದಪ್ಪ ಎಣ್ಣೆ ಹಾಕಿ’ ಎಂಬ ಸಲಹೆಯನ್ನು ಒಪ್ಪಬೇಡಿ. ದಪ್ಪ ಎಣ್ಣೆ ಸದ್ದನ್ನು ಮುಚ್ಚುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ.

ಹಂತ 5: ಮುಂದಿನ ಆಕ್ಸೆಲ್

ಮುಂದಿನ ಗೇರೂ ಹೊಸದಾಗಿದ್ದರೆ ಅದಕ್ಕೆ ಬೇರೆ ಲೆಕ್ಕ. ಟೂ ವೀಲ್‌ನಲ್ಲಿ ಓಡುವಾಗ, ಫ್ರೀ ವೀಲ್ ಹಬ್ ಬಿಡಿಸಿದ್ದರೆ ಮುಂದಿನ ಕ್ರೌನ್ ಕೆಲಸವನ್ನೇ ಮಾಡುವುದಿಲ್ಲ, ಹಬ್ ಜೋಡಿಸಿದ್ದರೆ ಭಾರವಿಲ್ಲದೆ ತಿರುಗುತ್ತದೆ. ಹಬ್ ಎಂದರೆ ಚಕ್ರವನ್ನು ಆಕ್ಸೆಲ್ ಶಾಫ್ಟಿಗೆ ಸೇರಿಸುವ, ಬಿಡಿಸುವ ತಿರುಪು. ಹಾಗಾಗಿ ಹಿಂದಿನದಕ್ಕೆ 800 ಆಯಿತು ಎಂದರೆ ಮುಂದಿನದೂ ಪಳಗಿತು ಎಂದಲ್ಲ.

ಮೊದಲ ಕೆಲವು ಓಟಗಳಲ್ಲಿ ಹಬ್ ಜೋಡಿಸಿ ಟೂ ವೀಲ್‌ನಲ್ಲೇ ಓಡಿಸಿ, ಎಣ್ಣೆ ಎಲ್ಲೆಡೆ ತಲುಪುತ್ತದೆ. ಆಮೇಲೆ ತೋಟದ ಸಮತಟ್ಟಾದ ಮಣ್ಣು ರಸ್ತೆಯಲ್ಲಿ ಫೋರ್-ಹೈ, ಅಂದರೆ ನಾಲ್ಕು ಚಕ್ರದ ಮಾಮೂಲಿ ವೇಗದ ಗೇರ್ ಹಾಕಿ, ನೇರ ದಾರಿಯಲ್ಲಿ ಸ್ವಲ್ಪ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ತಣಿಸಿ. ಡಾಂಬರು ಅಥವಾ ಸಿಮೆಂಟ್ ರಸ್ತೆಯ ಮೇಲೆ ಇದನ್ನು ಮಾಡಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಒಣ ಡಾಂಬರಿನಲ್ಲಿ ಚಕ್ರ ಜಾರಲಾರದೆ ಆ ವ್ಯತ್ಯಾಸವೆಲ್ಲ ತಿರುಚಾಗಿ ಗೇರುಗಳ ಮೇಲೆ ಕೂರುತ್ತದೆ. ಸದಾ ನಾಲ್ಕೂ ಚಕ್ರಕ್ಕೆ ಬಲ ಹೋಗುವ, ನಡುವೆ ಡಿಫರೆನ್ಷಿಯಲ್ ಇರುವ ಗಾಡಿಗಳಿಗೆ ಈ ತೊಂದರೆಯಿಲ್ಲ.

ಹಂತ 6: ಎಣ್ಣೆ ಬದಲಾವಣೆ

800 ಕಿ.ಮೀ. ಆದ ಕೂಡಲೇ ಎಣ್ಣೆ ಬದಲಿಸಿ. ಎಣ್ಣೆ ಇನ್ನೂ ಚೆನ್ನಾಗಿ ಕಾಣುತ್ತಿದೆ ಎಂದು ಮುಂದೂಡಬೇಡಿ, ಸವೆದ ಲೋಹದ ಪುಡಿಯೆಲ್ಲ ಅದರಲ್ಲೇ ತೇಲುತ್ತಿದೆ. ಸ್ವಲ್ಪ ಓಡಿಸಿ ಬೆಚ್ಚಗಾದ ಮೇಲೆ ತೆಗೆದರೆ ಪುಡಿಯೂ ಜೊತೆಗೆ ಇಳಿಯುತ್ತದೆ. ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ, ಅದು ಬಿಚ್ಚಿಕೊಂಡ ಮೇಲೆಯೇ ಕೆಳಗಿನದಕ್ಕೆ ಕೈ ಹಾಕಿ. ಎಣ್ಣೆಯೆಲ್ಲ ಸೋರಿಸಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ಗೊತ್ತಾದರೆ ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ.

ಪ್ಲಗ್‌ನಲ್ಲಿ ಆಯಸ್ಕಾಂತವಿದ್ದರೆ ಅದಕ್ಕೆ ಹತ್ತಿರುವುದನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣುಪು ಲೇಪ ಸಹಜ. ಚೂರು, ಹಳಕು, ಸೂಜಿಯಂಥ ತುಣುಕು ಸಿಕ್ಕರೆ ಹೊಸ ಎಣ್ಣೆ ತುಂಬುವ ಮೊದಲೇ ಗ್ಯಾರೇಜಿಗೆ ತೋರಿಸಿ. ತೆಗೆದ ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ. ತೋಟದ ಚರಂಡಿಗೆ ಸುರಿದದ್ದು ಹಳ್ಳ ಸೇರಿ ಹೇಮಾವತಿಗೋ ಭದ್ರೆಗೋ ಹೋಗುತ್ತದೆ, ಅದೇ ನೀರನ್ನು ಕೆಳಗಿನ ಊರುಗಳು ಕುಡಿಯುತ್ತವೆ. ಇದರಲ್ಲಿ ನನಗೆ ರಾಜಿಯಿಲ್ಲ.

ಹಂತ 7: ಹೊರೆ ಮತ್ತು ಟ್ರೇಲರ್

ಎಣ್ಣೆ ಬದಲಿಸಿದ ಮರುದಿನವೇ ಟ್ರೇಲರಿಗೆ ಪೂರ್ತಿ ಹೇರಬೇಡಿ. ಭಾರ ಎಳೆಯುವ ಅಭ್ಯಾಸವೂ ಗೇರಿಗೆ ಬೇರೆಯಾಗಿಯೇ ಆಗಬೇಕು. ಅರ್ಧ ಹೊರೆಯೊಂದಿಗೆ 20–25 ಕಿ.ಮೀ., ನಂತರ ತಣಿಸುವಿಕೆ, ಹೀಗೆ ಮೂರು ಸಲ, ಸಾಧ್ಯವಾದಷ್ಟು ಸಮತಟ್ಟಿನಲ್ಲಿ. ಬಿಸಿಯ ಅಂಕಿಗಳನ್ನು ಆಗಲೂ ಬರೆದುಕೊಳ್ಳಿ. ಖಾಲಿ ಓಟದ ಅಂಕಿಗಿಂತ ಹೆಚ್ಚಿರುವುದು ಸಹಜ, ಆದರೆ ಮೊದಲನೆಯದಕ್ಕಿಂತ ಮೂರನೆಯ ಓಟದಲ್ಲಿ ಇಳಿದಿರಬೇಕು. ಇಳಿಯದೆ ಏರುತ್ತಿದ್ದರೆ ಹೊರೆ ಹಾಕುವುದನ್ನು ನಿಲ್ಲಿಸಿ ಹಲ್ಲಿನ ಅಚ್ಚನ್ನು ಮತ್ತೊಮ್ಮೆ ನೋಡಿಸಿ.

ಮುಂದಿನ ಎಣ್ಣೆ ಬದಲಾವಣೆಗೆ ಕೈಪಿಡಿಯ ಅವಧಿಯೇ ಸಾಕು. ಹಳ್ಳ ದಾಟುವ ಗಾಡಿಯಾದರೆ ಮಾತ್ರ ಪ್ರತಿ ಮಳೆಗಾಲ ಮುಗಿದ ಮೇಲೆ ತುಂಬುವ ಪ್ಲಗ್ ಬಿಚ್ಚಿ ಬಣ್ಣ ನೋಡಿ, ಬ್ರೀದರನ್ನು ತೆಗೆದು ಡೀಸೆಲ್‌ನಲ್ಲಿ ತೊಳೆದು ಒಣಗಿಸಿ ಹಾಕಿ.